ಎಸೆತಕ್ಕೊಂದು ಓಟ ಕೇಳುವ ಭಾಗೀರಥಿ

ಟಕ್. ರಾತ್ರಿ ಹನ್ನೊಂದೂಮುಕ್ಕಾಲಿಗೆ ಎಜ್‌ಬಾಸ್ಟನ್‌ನ ಆ ಮನೆಯಲ್ಲಿ ಕೇಳಿಸುವುದು ವಿಡಿಯೊ ಪ್ಲೇಯರ್‌ನ ಗುಂಡಿಯ ಸದ್ದೊಂದೇ. ಟಿವಿಯಲ್ಲಿ ಹೆಲ್ಮೆಟ್ ಹಾಕಿದ ಇಪ್ಪತ್ತೆರಡು ಮಂದಿ ಆಟಗಾರರು ಇದ್ದಲ್ಲೇ ಸ್ತಬ್ಧರಾಗುತ್ತಾರೆ. ಭಾಗೀರಥಿ ನೋಟ್‌ಬುಕ್ಕಿನಲ್ಲಿ ಗೆರೆಯೊಂದನ್ನು ಎಳೆದು ಹಣೆ ಚಚ್ಚಿಕೊಳ್ಳುತ್ತಾರೆ.

"ಮತ್ತೆ ಎಸೆದ! ಸತತ ಐದನೇ ಸಲ. ಮುಂದೇನು ಬರುತ್ತೆ ಅಂತ ಪಕ್ಕದ ಮನೆ ಬೆಕ್ಕಿಗೂ ಗೊತ್ತು. ಎದುರಿನವರಿಗೆ ಗೊತ್ತಾಗಲ್ವಾ?"

ಮೈಸೂರಿನ ಭಾಗೀರಥಿಯವರಿಗೆ ಈಗ ನಲವತ್ತೊಂಬತ್ತು. ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿರಬೇಕು. ಆದರೂ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರತಿ ಭಾನುವಾರ ರಾತ್ರಿ ಇದೇ ಕೆಲಸ. ಬರ್ಮಿಂಗ್‌ಹ್ಯಾಮ್‌ನ ಹವ್ಯಾಸಿ ಅಮೆರಿಕನ್ ಫುಟ್‌ಬಾಲ್ ತಂಡವೊಂದಕ್ಕೆ ಅವರು ಆರು ವರ್ಷಗಳಿಂದ ಸಂಬಳವಿಲ್ಲದ ಲೆಕ್ಕಿಗರು. ಆಟವನ್ನು ಏಣಿ ಹತ್ತಿ ಚಿತ್ರೀಕರಿಸುವವರು, ಒಂದೊಂದು ನಡೆಯನ್ನೂ ಬರೆದಿಡುವವರು, ಆಟಗಾರರ ಮಣಿಕಟ್ಟಿನ ಪಟ್ಟಿಗಳನ್ನು ತೊಳೆಯುವವರು ಎಲ್ಲ ಅವರೇ. ಮ್ಯಾಚಿಗೆ ಅರವತ್ತರಿಂದ ಎಪ್ಪತ್ತು ನಡೆಗಳು. ಬರೆದು ಮುಗಿಸಲು ಮೂರು ಗಂಟೆ. ತಂಡದ ವಾರ್ಷಿಕ ಫೋಟೊದಲ್ಲಿ ಅವರಿಲ್ಲ. ಆ ಫೋಟೊ ತೆಗೆದವರೂ ಅವರೇ.

ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಪ್ರತಿ ನಡೆಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಶುರು. ಆತ ಚೆಂಡನ್ನು ದೂರ ಎಸೆಯಬಹುದು, ಇಲ್ಲವೇ ಪಕ್ಕದಲ್ಲಿ ಓಡುವವನ ಕೈಗಿಡಬಹುದು. ಎಸೆತವೇ ಚೆಂದ, ಜನ ಚಪ್ಪಾಳೆ ತಟ್ಟುವುದು ಅದಕ್ಕೇ. ಆದರೆ ಬರೀ ಎಸೆಯುತ್ತಾ ಹೋದರೆ ಎದುರಾಳಿಗಳು ಓಟದ ಚಿಂತೆ ಬಿಟ್ಟು ನೇರ ಎಸೆಯುವವನ ಮೈಮೇಲೆ ಬೀಳುತ್ತಾರೆ. ಓಟವೂ ಅಷ್ಟೇ ಇದ್ದರೆ ಒಂದು ಕ್ಷಣ ತಡೆಯುತ್ತಾರೆ. ಎಸೆಯುವವನಿಗೆ ಬೇಕಾದದ್ದು ಆ ಒಂದು ಕ್ಷಣ.

"ಸಮ ಇದ್ದ ದಿನ ನೂರಕ್ಕೆ ಅರವತ್ತು ಎಸೆತ ಗುರಿ ಮುಟ್ಟುತ್ತೆ. ಇಲ್ದಿದ್ರೆ ನಲವತ್ತು. ಹುಡುಗ ಅವನೇ, ಕೈ ಅದೇ," ಎನ್ನುತ್ತಾ ಭಾಗೀರಥಿ ನೋಟ್‌ಬುಕ್ ತಿರುಗಿಸಿ ತೋರಿಸುತ್ತಾರೆ. "ಇದನ್ನ ಆರು ವರ್ಷದಿಂದ ಹೇಳ್ತಿದೀನಿ. ಒಂದು ಬೇಸಿಗೆ ಬಿಟ್ರೆ ಮತ್ತೆ ಅದೇ ಚಾಳಿ. ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರ್ತಿತ್ತು."

ಆ ಗೋಡೆಯ ಹೆಸರು ಟ್ರೆವರ್. ತಂಡದ ಕೋಚ್, ವೃತ್ತಿಯಿಂದ ಪ್ಲಂಬರ್, ಒಳ್ಳೆಯ ಮನುಷ್ಯ. ಎಸೆತವೆಂದರೆ ಪ್ರಾಣ. ಎರಡು ವರ್ಷದ ಹಿಂದೆ, 2003ರಲ್ಲಿ, ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಭಾಗೀರಥಿಯವರ ಮಗ ಈಶಾನ್. ಆ ಬೇಸಿಗೆಯ ಮೊದಲ ನಾಲ್ಕು ಮ್ಯಾಚಿನಲ್ಲಿ ಅವನನ್ನು ಇಪ್ಪತ್ತಮೂರು ಸಲ ನೆಲಕ್ಕೆ ಕೆಡವಿದ್ದರು. ಪಕ್ಕೆಲುಬು ನೀಲಿಗಟ್ಟಿತ್ತು. ಸೋಲಿನ ದೂರೂ ಅವನ ತಲೆಗೇ.

"ಲೆಕ್ಕ ತೋರಿಸಿದ್ರೆ ಟ್ರೆವರ್ ಏನಂದ್ರು ಗೊತ್ತಾ? 'ನೀನು ಅವನ ತಾಯಿ, ಬ್ಯಾಬ್.' ಇಲ್ಲಿನವರು ಹೆಂಗಸರನ್ನೆಲ್ಲಾ ಹಾಗೇ ಕರೀತಾರೆ, ಬಿಡಿ. ಆದ್ರೆ ನಾನು ತಾಯಿ ಅಂತ ನಲವತ್ತು ಅರವತ್ತಾಗುತ್ತಾ? ಲ್ಯಾಬ್‌ನಲ್ಲಿ ನಾನು ಕೊಟ್ಟ ಅಂಕಿ ನೋಡಿ ಡಾಕ್ಟರುಗಳು ಔಷಧಿ ಬರೀತಾರೆ!"

ಮುಂದಿನದನ್ನು ಹೇಳುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಾರೆ. "ಇದು ಕನ್ನಡದಲ್ಲಿ ತಾನೇ ಬರೋದು? ಟ್ರೆವರ್‌ಗೆ ಕನ್ನಡ ಬರಲ್ಲ. ಈಶಾನ್‌ಗೆ ಮಾತು ಅರ್ಥ ಆಗುತ್ತೆ, ಓದೋಕೆ ಬರಲ್ಲ. ಸರಿ, ಬರ್ಕೊಳ್ಳಿ."

ನಡೆಗಳ ಚೀಟಿ ತಯಾರಿಸುವುದೂ ಅವರ ಕೆಲಸ. ಒಂದರಿಂದ ನಲವತ್ತರವರೆಗೆ ಸಂಖ್ಯೆ, ಪ್ರತಿ ಸಂಖ್ಯೆಗೆ ಒಂದು ನಡೆ. ಒಂದು ಪ್ರತಿ ಕೋಚ್ ಕೈಯಲ್ಲಿ, ಇನ್ನೊಂದು ಕ್ವಾರ್ಟರ್‌ಬ್ಯಾಕ್‌ನ ಮಣಿಕಟ್ಟಿನ ಪಟ್ಟಿಯೊಳಗೆ. ಕೋಚ್ ದೂರದಿಂದ ಬೆರಳೆತ್ತಿ ಸಂಖ್ಯೆ ತೋರಿಸಿದರೆ ಹುಡುಗ ಚೀಟಿ ನೋಡಿ ತಂಡಕ್ಕೆ ಹೇಳುತ್ತಾನೆ. ಐದನೆಯದಾದ ಲೀಡ್ಸ್ ಮ್ಯಾಚಿಗೆ ಮುಂಚಿನ ಗುರುವಾರ ಭಾಗೀರಥಿ ತಾವಾಗಿಯೇ ಹೊಸ ಚೀಟಿ ಮಾಡಿದರು: ಇಪ್ಪತ್ತು ಎಸೆತ, ಇಪ್ಪತ್ತು ಓಟ. ಪಟ್ಟಿಯೊಳಗೆ ಸೇರಿಸಿಯೇ ತೋರಿಸಿದರು. ಟ್ರೆವರ್ ಅಡ್ಡಡ್ಡ ತಲೆಯಾಡಿಸಿದರು. "ನಾಲ್ಕು ಓಟ ಸಾಕು. ಈ ಭಾನುವಾರವೂ ಸೋತರೆ ಬೇರೆ ಹುಡುಗನನ್ನು ಹಾಕ್ತೀನಿ, ಬೇಜಾರ್ ಮಾಡ್ಕೋಬೇಡ." ಭಾಗೀರಥಿ ನಾಲ್ಕೇ ಓಟದ ಇನ್ನೊಂದು ಚೀಟಿ ಬರೆದುಕೊಟ್ಟರು.

ಭಾನುವಾರ ಲೀಡ್ಸ್‌ನಲ್ಲಿ ಏಣಿಯ ಮೇಲಿಂದ ನೋಡುತ್ತಿದ್ದ ಭಾಗೀರಥಿಗೆ ತಮ್ಮ ಕಣ್ಣನ್ನೇ ನಂಬಲಾಗುವುದಿಲ್ಲ. ಓಟ, ಎಸೆತ, ಓಟ, ಓಟ, ಎಸೆತ. ಮೊದಲ ಓಟಕ್ಕೆ ಟ್ರೆವರ್ ಕೂಗಾಡುತ್ತಾರೆ. ಅಷ್ಟರಲ್ಲಿ ತಂಡ ಒಂಬತ್ತು ಗಜ ಮುಂದೆ ಹೋಗಿರುತ್ತದೆ. ಎದುರಾಳಿಗಳ ನಿಲುವು ನೋಡಿ ಕೊನೆ ಗಳಿಗೆಯಲ್ಲಿ ನಡೆ ಬದಲಿಸುವ ಅಧಿಕಾರ ಕ್ವಾರ್ಟರ್‌ಬ್ಯಾಕ್‌ಗೆ ಉಂಟು. ಹುಡುಗ ಅದನ್ನೇ ಮಾಡುತ್ತಿದ್ದಾನೆಂದುಕೊಂಡು ಟ್ರೆವರ್ ಬಾಯಿ ಮುಚ್ಚುತ್ತಾರೆ. ವಿರಾಮದಲ್ಲಿ ಅವನ ಬೆನ್ನು ತಟ್ಟಿ "ಹಾಗೇ ಆಡ್ತಿರು" ಎನ್ನುತ್ತಾರೆ. ಹದಿನೆಂಟು ಎಸೆತದಲ್ಲಿ ಹನ್ನೆರಡು ಗುರಿ ಮುಟ್ಟುತ್ತವೆ. ಈಶಾನ್ ನೆಲ ಕಾಣುವುದು ಒಂದೇ ಸಲ. ತಂಡ ಆ ವರ್ಷದ ಮೊದಲ ಗೆಲುವು ಕಾಣುತ್ತದೆ.

ಮರಳುವ ಮಿನಿಬಸ್ಸಿನಲ್ಲಿ ಈಶಾನ್ ಪಕ್ಕಕ್ಕೆ ಬಂದು ಪಿಸುಗುಡುತ್ತಾನೆ. "ಮಮ್, ಹಿ ಫೈನಲಿ ಲಿಸನ್ಡ್ ಟು ಯು. ಅಷ್ಟೊಂದು ಸಲ ಓಟದ ಸಂಖ್ಯೆ ತೋರಿಸಿದರು!"

"ಯಾರು ತೋರಿಸಿದ್ದು?"

"ಟ್ರೆವರ್. ಹೂ ಎಲ್ಸ್?"

ತೊಳೆಯಲು ತೆಗೆದುಕೊಂಡ ಪಟ್ಟಿಗಳು ಭಾಗೀರಥಿಯವರ ತೊಡೆಯ ಮೇಲೆಯೇ ಇವೆ. ಮಗನದನ್ನು ಬಿಚ್ಚಿ ಒಳಗಿನ ಚೀಟಿ ಹೊರಗೆಳೆಯುತ್ತಾರೆ. ಇಪ್ಪತ್ತು ಎಸೆತ, ಇಪ್ಪತ್ತು ಓಟ. ಶನಿವಾರ ರಾತ್ರಿಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಕಿಟ್ ತುಂಬಿದವರು ಗುರುವಾರದ ಚೀಟಿಯನ್ನು ತೆಗೆದೇ ಇರಲಿಲ್ಲ. ಟ್ರೆವರ್ ಕೈಯಲ್ಲಿದ್ದದ್ದು ಒಂದು, ಮಗನ ಕೈಯಲ್ಲಿದ್ದದ್ದು ಇನ್ನೊಂದು; ಟ್ರೆವರ್ ಎಸೆತವೆಂದು ತೋರಿಸಿದ ಸಂಖ್ಯೆ ಮಗನ ಚೀಟಿಯಲ್ಲಿ ಓಟವಾಗಿತ್ತು.

ಲ್ಯಾಬ್‌ನಲ್ಲಿ ಹೀಗೆ ಅದಲುಬದಲಾದರೆ ತಕ್ಷಣ ವರದಿ ಮಾಡುವ ಹೆಂಗಸು ಅವರು. ಬಾಯಿ ತೆರೆಯುತ್ತಾರೆ. ಆದರೆ ಹೇಳಿದರೆ ತಾಯಿ ಬೇಕೆಂದೇ ಮಾಡಿದಳೆನ್ನುತ್ತಾರೆ. ಮಗನ ಜಾಗವೂ ಹೋಗುತ್ತದೆ, ಲೆಕ್ಕವೂ ಸುಳ್ಳಾಗುತ್ತದೆ.

ಅಷ್ಟರಲ್ಲಿ ಮುಂದಿನ ಸೀಟಿನಿಂದ ಟ್ರೆವರ್ ತಿರುಗಿ ಕೂರುತ್ತಾರೆ. "ಬ್ಯಾಬ್, ಮುಂದಿನ ವಾರ ಇಪ್ಪತ್ತು ಓಟ ಬರಿ. ತುಂಬಾ ದಿನದಿಂದ ನನ್ನ ತಲೆಯಲ್ಲಿತ್ತು."

ಭಾಗೀರಥಿಗೆ ಕಿರುಚಬೇಕೆನಿಸುತ್ತದೆ. ಚೀಟಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸುತ್ತಾರೆ. ಈ ಮಾತು ಈ ಬಸ್ಸಿನಲ್ಲಿ ಯಾರಿಗೂ, ಮಗನಿಗೂ, ಯಾವತ್ತೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸುತ್ತಾರೆ.

"ಒಳ್ಳೆ ಐಡಿಯಾ, ಟ್ರೆವರ್," ಎನ್ನುತ್ತಾರೆ.