‘ಇವ್ನಂಗೇ’ ಎಂದರೆ ‘ಇವ್ನೇ’ ಅಲ್ಲ

ಆರೋಪಿಯನ್ನು ಅವನನ್ನೇ ಹೋಲುವವರ ಸಾಲಿನಲ್ಲಿ ನಿಲ್ಲಿಸಿ, ಸಾಕ್ಷಿಯಿಂದ ಗುರುತು ಹಿಡಿಸುವುದು ತಹಶೀಲ್ದಾರರ ನೂರೆಂಟು ಕೆಲಸಗಳಲ್ಲಿ ಒಂದು. ಗುರುತು ಪತ್ತೆ ಪರೇಡ್ ಎನ್ನುವ ಆ ಕೆಲಸವನ್ನು ದೇವರ ಪೂಜೆಯಷ್ಟು ಮಡಿಯಿಂದ ನಡೆಸಿದವರು, ನಾನು ಕಂಡಂತೆ, ಶ್ರೀಮತಿ ಲತಾಮಣಿಯವರೊಬ್ಬರೇ. ಇದನ್ನು ಬರೆಯುವಾಗ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಅಭಿನಂದನ ಗ್ರಂಥದಲ್ಲಿ ಸುಳ್ಳು ಬರೆಯಬಾರದಲ್ಲ!

ಅವರು ಕನಕಪುರಕ್ಕೆ ತಹಶೀಲ್ದಾರರಾಗಿ ಬಂದಾಗ ನಾನು ಅಲ್ಲಿ ಶಿರಸ್ತೇದಾರ. ವಯಸ್ಸಿನಲ್ಲಿ ಹಿರಿಯ, ಕುರ್ಚಿಯಲ್ಲಿ ಕಿರಿಯ. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ, ದಾರಿಯ ತುಂಬ ಗುರುತಿಲ್ಲದ ಮುಖಗಳು ತುಂಬಿಕೊಳ್ಳುತ್ತಿದ್ದ ಕಾಲವದು. ಪಾಳಿ ಮುಗಿಸಿ ಬರುತ್ತಿದ್ದ ಚಿನ್ನಮ್ಮನವರ ಕೊರಳ ಸರವನ್ನು ಯಾರೋ ಕಿತ್ತೊಯ್ದರು. ನಟರಾಜು ಎಂಬ ಕಾರ್ಮಿಕನನ್ನು ಅನುಮಾನದ ಮೇಲೆ ಹಿಡಿದು ತಂದರು. ಚಿನ್ನಮ್ಮ ಅವನತ್ತ ಬೆರಳು ತೋರಿಸಿದರೆ ಆ ಹುಡುಗನ ಬಾಳು ಅಲ್ಲಿಗೆ ಮುಗಿಯಿತು.

ನಟರಾಜುವಿನ ಹುಬ್ಬಿನ ಮೇಲೊಂದು ಗಾಯದ ಕಲೆಯಿತ್ತು. ಕಲೆಯೊಂದನ್ನೇ ನೋಡಿ ಅವನತ್ತ ಬೆರಳು ಹೋಗಬಾರದೆಂದು ಲತಾಮಣಿಯವರು ಜೈಲಿನಲ್ಲಿ ನಿಲ್ಲಿಸಿದ್ದ ಸಾಲಿನ ಎಲ್ಲರ ಹುಬ್ಬಿಗೂ ಪಟ್ಟಿ ಅಂಟಿಸಿದರು.

“ಏನ್ ಮೇಡಂ, ಜೈಲ್ನ ಆಸ್ಪತ್ರೆ ಮಾಡ್ಬುಟ್ರಿ!” ಎಂದು ಕುಟುಕಿದೆ. ಅವರು ನಕ್ಕು, ಚಿನ್ನಮ್ಮನವರನ್ನು ಒಳಗೆ ಕರೆಸಿದರು.

“ನೋಡಮ್ಮ, ಅವ್ನು ಈ ಸಾಲ್ನಲ್ಲಿ ಇರ್ಬೋದು, ಇಲ್ದೇನೂ ಇರ್ಬೋದು. ಇಲ್ಲ ಅಂದ್ರೆ ಯಾರೂ ಬೈಯಲ್ಲ.”

ಚಿನ್ನಮ್ಮ ನಟರಾಜುವಿನ ಮುಂದೆ ನಿಂತರು. “ಇವ್ನಂಗೇ ಇದ್ದ ಕಣವ್ವ.”

“ಆಯ್ತಲ್ಲ ಮೇಡಂ, ತೋರಿಸ್ಬುಟ್ರು!” ಎಂದೆ ನಾನು.

ಲತಾಮಣಿಯವರು ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. “ಇವ್ನಂಗೇ ಅಂದ್ರೇನು? ನಿಮ್ ಮಾತಲ್ಲೇ ಹೇಳಿ.”

“ಇವ್ನಂಗೆ ಅಂದ್ರೆ ಇವ್ನಂಗೆ. ನಮ್ ಮೈದ್ನಾನೂ ನಮ್ಮೆಜಮಾನ್ರಂಗೇ ಅವ್ನೆ. ಅಂಗಂತ ಅವ್ನ ಗಂಡ ಅನ್ನಕಾಯ್ತದಾ? ಆ ಕಳ್ಳ ಇಲ್ಲಿಲ್ಲ ಬುಡಿ.”

ಪಟ್ಟಿ ಅಂಟಿಸಿಕೊಂಡ ಸಾಲಿಗೆ ಸಾಲೇ ನಕ್ಕಿತು. ನಟರಾಜು ಮಾತ್ರ ಅಳುತ್ತಿದ್ದ.

ಮುಂದೆ ಅದೇ ಸರದೊಂದಿಗೆ ನಿಜವಾದ ಕಳ್ಳ ಕುದೂರಿನಲ್ಲಿ ಸಿಕ್ಕಿಬಿದ್ದ. ಕಣ್ಣು ಸುಳ್ಳು ಹೇಳುವುದಿಲ್ಲ, ಆದರೆ ಕೇಳುವವರ ಮುಖ ನೋಡಿ ನೆನಪು ಬಣ್ಣ ಬದಲಿಸುತ್ತದೆ ಎಂಬುದನ್ನು ಲತಾಮಣಿಯವರು ಅರಿತಿದ್ದರು. ಮನುಷ್ಯರ ಮನಸ್ಸನ್ನು ಹೀಗೆ ಓದುವ ವರವನ್ನು ಭಗವಂತ ಅವರೊಬ್ಬರಿಗೇ ಏಕೆ ಕೊಟ್ಟನೋ! ನಾನು ಮಾಗಡಿಗೆ ತಹಶೀಲ್ದಾರನಾಗಿ ಹೋದ ಮೇಲೂ ಅವರ ಹೆಸರಿನಿಂದ ಬಿಡುಗಡೆಯಿರಲಿಲ್ಲ. ತಿಪ್ಪಸಂದ್ರದ ಸಾಕ್ಷಿಯೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಆಯಮ್ಮ ಬರಾಕಿಲ್ವಾ?” ಎಂದು ಕೇಳಿದ್ದುಂಟು.

ನಟರಾಜುವಿನ ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಅವನ ತಾಯಿ ಸರಸಮ್ಮ ನೆಂಟರನ್ನೆಲ್ಲ ಪಕ್ಕಕ್ಕೆ ಸರಿಸಿ, “ಮೊದ್ಲ ಅಕ್ಷತೆ ನಿಂದೇ ಕಣವ್ವ” ಎಂದು ಲತಾಮಣಿಯವರನ್ನು ಮುಂದಕ್ಕೆ ಎಳೆದುಕೊಂಡರು. ಹಿಂದಿನ ಸಾಲಿನಲ್ಲಿ ನಿಂತು ನಾನೂ ನಾಲ್ಕು ಕಾಳು ಎಸೆದೆ; ಅವು ಮುಂದಿದ್ದವರ ತಲೆಯ ಮೇಲೇ ಬಿದ್ದವು.

ಶ್ರೀ ರಂಗನಾಥಸ್ವಾಮಿಯು ಅವರಿಗೆ ತುಂಬು ಆಯುಸ್ಸನ್ನೂ, ಹೊಸ ಅಧಿಕಾರಿಗಳಿಗೆ ಈ ವಿದ್ಯೆ ಕಲಿಸುವ ಕಸುವನ್ನೂ ಕರುಣಿಸಲಿ. ನನಗಿಂತ ಹೆಚ್ಚು ಕೊಟ್ಟಿದ್ದೀಯಲ್ಲ ಎಂದು ಸ್ವಾಮಿಯೊಡನೆ ಜಗಳವಾಡುವುದನ್ನು ನಾನು ಬಿಟ್ಟಿಲ್ಲ. ಅವರಿಗೆ ಇನ್ನಷ್ಟು ಕೊಡು ಎಂದು ಬೇಡುವುದನ್ನೂ ಬಿಟ್ಟಿಲ್ಲ.