ಶರಣಪ್ಪನವರ ಬಾತ ಕಣ್ಣು

ನಮ್ಮ ಆಸ್ಪತ್ರೆಯಲ್ಲಿ ಈ ಪ್ರಕರಣವನ್ನು ಹೇಳುವುದು ಹೀಗೆ: ಔಷಧ ಕೆಲಸ ಮಾಡಲಿಲ್ಲ, ಜೀನ್ ಪರೀಕ್ಷೆಯನ್ನು ಮತ್ತೆ ಮಾಡಿಸಿದೆವು, ಉತ್ತರ ಸಿಕ್ಕಿತು. ಕೇಳಲು ಚೆನ್ನಾಗಿದೆ. ಮತ್ತೆ ಮಾಡಿಸುವುದು ಯಾರಿಗೂ ಬೇಕಿರಲಿಲ್ಲ ಎಂಬ ಭಾಗ ಮಾತ್ರ ಬಿಟ್ಟುಹೋಗುತ್ತದೆ.

ಎರಡು ವರ್ಷದ ಹಿಂದೆ ನಾನು ಪೀಣ್ಯದ ಬಳಿಯ ಈ ಆಸ್ಪತ್ರೆಗೆ ಜೆನೆಟಿಕ್ ಕೌನ್ಸೆಲರ್ ಆಗಿ ಸೇರಿದ್ದೆ. ಜೀನ್ ವರದಿಯನ್ನು ರೋಗಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಶರಣಪ್ಪ ಯಾದಗಿರಿ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಅವರ ಸಣ್ಣಕರುಳಿನಲ್ಲಿ ಬೆಳೆದದ್ದು ಜಿಸ್ಟ್ ಎಂಬ ಅಪರೂಪದ ಕ್ಯಾನ್ಸರ್. ಇದರಲ್ಲಿ ಸಾಮಾನ್ಯವಾಗಿ ಗೆಡ್ಡೆಯೊಳಗಿನ ಕಿಟ್ ಎಂಬ ಜೀನ್ ಕೆಟ್ಟು, ಬೆಳವಣಿಗೆಯ ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ. ಇಮಾಟಿನಿಬ್ ಮಾತ್ರೆ ಅದನ್ನು ಅದುಮಿಡುತ್ತದೆ. ಗೆಡ್ಡೆಯನ್ನು ತೆಗೆಯುವಷ್ಟರಲ್ಲಿ ರೋಗ ಯಕೃತ್ತಿಗೂ ಹಬ್ಬಿದ್ದರಿಂದ ಮಾತ್ರೆ ಶುರುಮಾಡಿದ್ದರು. ಆಮೇಲೆ ಬಂದ ವರದಿ ಹೇಳಿತು: ಕಿಟ್‌ನಲ್ಲಿ ದೋಷವಿಲ್ಲ. ಅದು ನಿಜವಾದರೆ ಈ ಮಾತ್ರೆ ನಾಟುವ ಸಾಧ್ಯತೆ ಕಡಿಮೆ.

ಮುಂದಿನ ಸ್ಕ್ಯಾನ್‌ನಲ್ಲಿ ಗೆಡ್ಡೆಗಳು ಬೆಳೆದಿದ್ದವು. ಮೀಟಿಂಗ್‌ನಲ್ಲಿ ನಮ್ಮ ಹಿರಿಯ ಡಾಕ್ಟರು ಫೈಲು ಮುಚ್ಚಿದರು. "ಶಿಫ್ಟ್ ಹುಡುಗರು ಮಾತ್ರೆ ಎಲ್ಲಿ ನೆಟ್ಟಗೆ ನುಂಗ್ತಾರೆ? ಮುಖ ನೋಡಿದ್ರೆ ಕುಡಿಯೋ ಹಾಗಿದೆ. ಜೀನಲ್ಲೂ ಏನಿಲ್ಲ. ನಿಲ್ಲಿಸಿಬಿಡೋಣ."

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು, ಸುಮ್ಮನಿರಲಾಗಲಿಲ್ಲ. "ಸಾರ್, ಎರಡೂ ಒಟ್ಟಿಗೆ ನಿಲ್ಲಲ್ಲ. ನುಂಗೇ ಇಲ್ಲ ಅಂದ್ರೆ ಮಾತ್ರೆ ಸೋತಿದೆ ಅಂತ ಹೆಂಗೆ ನಿಲ್ಲಿಸ್ತೀರಿ?"

"ಇದು ಡಿಬೇಟ್ ಅಲ್ಲಮ್ಮಾ," ಎಂದರು. ಉಳಿದವರು ನಕ್ಕರು.

ನಿಜ ಹೇಳಬೇಕೆಂದರೆ, ಶರಣಪ್ಪನವರ ಮೇಲೆ ನನಗೂ ಅನುಮಾನವಿತ್ತು. ಹೊರಗೆ ಕೂತಿದ್ದ ಅವರ ಬಳಿ ಹೋಗಿ, ಕುಡಿಯುತ್ತೀರಾ ಎಂದು ನೇರವಾಗಿ ಕೇಳಿದೆ.

"ನೀವೂ ಅದನ್ನ ಕೇಳಾಕ ಬಂದ್ರೇನ್ರೀ ಮೇಡಂ?" ಎಂದರು. "ಮಾತ್ರಿ ಹಿಡಿದಾಗಿಂದ ಮುಂಜಾನೆ ಕಣ್ಣು ಹಿಂಗ ಬಾತಿರ್ತಾವ. ಸೂಪರ್‌ವೈಸರ್ ಬಾಯಿ ಮೂಸಿ ಒಳಗ ಬಿಡ್ತಾನ. ದೋಸ್ತರು 'ಬೆಳಿಗ್ಗೀನ ತಗೊಂಡಿಯೇನಲೇ' ಅಂತಾರ. ತಗೊಂಡೀನಿ, ಒಂದ ಮಾತ್ರಿ, ಅಂತೀನ್ರೀ."

ಕಣ್ಣಿನ ಸುತ್ತ ಊತ ಇಮಾಟಿನಿಬ್‌ನ ಪರಿಚಿತ ಅಡ್ಡಪರಿಣಾಮ. ಅದು ಪೂರ್ಣ ಪುರಾವೆಯಲ್ಲ, ಒಪ್ಪುತ್ತೇನೆ. ಆದರೆ ಕುಡಿತದ ಊಹೆಗಿಂತ ಗಟ್ಟಿ. ಮನುಷ್ಯ ಮಾತ್ರೆ ನುಂಗುತ್ತಿದ್ದಾನೆ ಎಂದಾದರೆ ಅದನ್ನು ನಿಲ್ಲಿಸಲು ಉಳಿದ ಕಾರಣ ವರದಿಯೊಂದೇ. ಅದಾದರೂ ಸರಿಯಿದೆಯೇ ಎಂದು ನೋಡಬೇಕಿತ್ತು.

ಪೆಥಾಲಜಿ ವಿಭಾಗಕ್ಕೆ ಹೋಗಿ, ಪರೀಕ್ಷೆಗೆ ಯಾವ ತುಣುಕು ಕಳಿಸಿದ್ದೆಂದು ಕೇಳಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗವನ್ನು ತುಣುಕು ಮಾಡಿ ಮೇಣದ ಅಚ್ಚಿನಲ್ಲಿ ಕಾಪಿಡುತ್ತಾರೆ. ಕಳಿಸಿದ್ದು ಅಂಚಿನ ತುಣುಕು, ಬಹುಪಾಲು ಆರೋಗ್ಯವಂತ ಕರುಳಿನ ಗೋಡೆ. ಅಲ್ಲಿ ದೋಷ ಸಿಗದಿದ್ದರಲ್ಲಿ ಆಶ್ಚರ್ಯವೇನು? ಯಂತ್ರ ತಪ್ಪು ಹೇಳಿರಲಿಲ್ಲ. ನಾವು ಕೇಳಿದ್ದೇ ತಪ್ಪು ಜಾಗದಲ್ಲಿ.

ನನ್ನ ಕಾಟ ತಾಳಲಾರದೆ ಡಾಕ್ಟರು ಮರುಪರೀಕ್ಷೆಗೆ ಸಹಿ ಹಾಕಿದರು. ಅಲ್ಲಿಯವರೆಗೆ ಮಾತ್ರೆ ಮುಂದುವರಿಯಿತು. ಗೆಡ್ಡೆಯ ನಡುವಿನ ತುಣುಕಿನಲ್ಲಿ ದೋಷ ಸಿಕ್ಕಿತು, ಕಿಟ್ ಜೀನ್‌ನ ಎಕ್ಸಾನ್ ಒಂಬತ್ತು ಎಂಬ ಭಾಗದಲ್ಲಿ. ಈ ದೋಷಕ್ಕೆ ಮಾಮೂಲಿ ಪ್ರಮಾಣ ಹಲವು ಸಲ ಸಾಲದು. ಪ್ರಮಾಣವನ್ನು ಇಮ್ಮಡಿ ಮಾಡಿದರು. ಮುಂದಿನ ಸ್ಕ್ಯಾನ್‌ನಲ್ಲಿ ಬೆಳವಣಿಗೆ ನಿಂತಿತ್ತು. ಕಣ್ಣು ಇನ್ನಷ್ಟು ಬಾತಿದ್ದವು.

'ಇಲ್ಲ' ಎನ್ನುವ ವರದಿ ಬಂದಾಗ 'ಎಲ್ಲಿ ಹುಡುಕಿದಿರಿ' ಎಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿತು. ಇನ್ನೊಂದು ಪ್ರಶ್ನೆಯನ್ನು ಆ ಸ್ಕ್ಯಾನ್ ಬಂದ ದಿನ ಡಾಕ್ಟರ ಮುಂದೆಯೇ ಇಟ್ಟೆ.

"ಸಾರ್, ಈ ಮಾತ್ರೆಗೆ ಕಣ್ಣು ಊದುತ್ತೆ ಅಂತ ನನಗೆ ಹೇಳಿಕೊಟ್ಟಿದ್ದೇ ನೀವು. ಇದೇ ಕಣ್ಣಲ್ಲಿ ವೈಟ್‌ಫೀಲ್ಡ್‌ನ ಐಟಿ ಮ್ಯಾನೇಜರ್ ಒಬ್ರು ಬಂದಿದ್ರೆ, ಅವರನ್ನೂ ಕುಡುಕ ಅಂತಿದ್ರಾ?"