ನಿಂಬೆಹಣ್ಣು ದಾಟದ ಗಾಡಿ

ಅಪ್ಪನ ಮೋಟಾರ್ ಸೈಕಲ್ ಮಾರಿಸಬೇಕೆಂದು ನಾನು ಎರಡು ವರ್ಷ ಅವರ ತಲೆ ತಿಂದಿದ್ದೇನೆ. ವಯಸ್ಸು ಎಪ್ಪತ್ತನಾಲ್ಕು, ಮೊಣಕಾಲು ಎರಡೂ ನೋವು. ಆದರೂ ರಾಮಕೃಷ್ಣನಗರದಿಂದ ದೇವರಾಜ ಮಾರ್ಕೆಟ್ಟಿಗೆ ಹೋಗಿಯೇ ವೀಳ್ಯದೆಲೆ ತರಬೇಕು. ನಮ್ಮ ಬೀದಿಯಲ್ಲಿ ಸಿಗುವುದು ಎಲೆಯೇ ಅಲ್ಲವಂತೆ. ಕೊನೆಗೊಮ್ಮೆ ಬೇಸತ್ತು ಮಾತು ಕೊಟ್ಟರು.

"ನೋಡೇ, ಈ ಸಲ ಆಯುಧಪೂಜೆಲಿ ಗಾಡಿ ನಿಂಬೆಹಣ್ಣು ದಾಟಿದ್ರೆ ನನ್ ಹತ್ರ ಇರತ್ತೆ. ದಾಟ್ಲಿಲ್ವಾ, ಯಾರಿಗಾದ್ರೂ ಕೊಟ್ಬುಡು. ಆಮೇಲೆ ನಾನು ತುಟಿ ಬಿಚ್ಚಲ್ಲ."

ಪೂಜೆ ಮುಗಿದ ಮೇಲೆ ಎರಡೂ ಚಕ್ರದ ಕೆಳಗೆ ಒಂದೊಂದು ಇಟ್ಟ ನಿಂಬೆಹಣ್ಣನ್ನು ಗಾಡಿ ಸ್ಟಾರ್ಟ್ ಮಾಡಿ ತುಳಿಸಬೇಕು. ಅದು ಪ್ರತಿ ವರ್ಷ ಆಗುವ ಕೆಲಸ. ಹಾಗಾಗಿ ಅಪ್ಪ ತಾವು ಗೆದ್ದೆವೆಂದೇ ಲೆಕ್ಕ ಹಾಕಿದ್ದರು.

ಆ ದಿನ ಬೆಳಗ್ಗೆ ಎಂಟಕ್ಕೇ ನಾನು ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟೆ. ಮಾಡಿದ ಮೇಲೆ ಸರಿಯಾಗಿ ಮಾಡಬೇಕು ಅನ್ನುವ ಜಾಯಮಾನ ನನ್ನದು. ಇನ್ನಷ್ಟು ಕಳೆ ಬರಲಿ ಎಂದು ಕೀ ತಿರುಗಿಸಿ ಇಂಡಿಕೇಟರನ್ನೂ ಹಾಕಿಟ್ಟು ಒಳಗೆ ಒಬ್ಬಟ್ಟು ತಟ್ಟಲು ಹೋದೆ. ಅಪ್ಪ ರಾಹುಕಾಲ ಕಳೆಯಲಿ ಎಂದು ಮಧ್ಯಾಹ್ನ ಹನ್ನೆರಡರವರೆಗೆ ಕೂತರು. ಮಂಗಳಾರತಿಗೆ ತಟ್ಟೆ ಹಿಡಿದು ಹೊರಗೆ ಬಂದರೆ ಇಂಡಿಕೇಟರ್ ಮಿಣುಕುತ್ತಿರಲಿಲ್ಲ. ಅಪ್ಪ ಬರುವುದರೊಳಗೆ ಮೆಲ್ಲಗೆ ಕೀ ಆಫ್ ಮಾಡಿದೆ.

ಬೂದುಗುಂಬಳ ಒಡೆದು, ಹೊಸ ಪಂಚೆ ಎತ್ತಿಕಟ್ಟಿ ಅಪ್ಪ ಗಾಡಿ ಹತ್ತಿದರು. ಬಟನ್ ಒತ್ತಿದರು. ಟಿಕ್. ಇನ್ನೊಮ್ಮೆ ಒತ್ತಿದರು. ಅದೂ ಇಲ್ಲ. ಕಿಕ್ಕರ್ ಮುರಿದು ವರ್ಷವಾಗಿತ್ತು.

ಅಪ್ಪ ಇಳಿದು ಟ್ಯಾಂಕಿನ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತರು. "ಇದಕ್ಕೂ ನನ್ನಂಗೇ ವಯಸ್ಸಾಯ್ತು. ಮಾತು ಅಂದ್ರೆ ಮಾತು," ಎಂದು ಕೀ ತೆಗೆದು ನನ್ನ ಕೈಗೆ ಹಾಕಿದರು.

ನಾನು ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಅಪ್ಪ ಜಗಲಿಯಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳುವುದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು.

"ಅಪ್ಪಾ, ಗಾಡಿಗೆ ಏನೂ ಆಗಿಲ್ಲ. ಬೆಳಗ್ಗಿಂದ ಇಂಡಿಕೇಟರ್ ಹಾಕಿಟ್ಟು ನಾನೇ ಬ್ಯಾಟರಿ ಖಾಲಿ ಮಾಡ್ಬುಟ್ಟೆ."

"ಯಾಕೇ?"

"ಚೆನ್ನಾಗ್ ಕಾಣ್ಲಿ ಅಂತ."

ಅಪ್ಪ ನಕ್ಕರು ನೋಡಿ, ಎದ್ದು ನಿಲ್ಲಲು ನನ್ನ ಭುಜ ಹಿಡಿಯಬೇಕಾಯಿತು.

ಉದಯಗಿರಿಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. "ಸ್ಪ್ಯಾನರ್‌ಗೆಲ್ಲ ಪೂಜೆ ಮಾಡಿವ್ನಿ ಕಣಮ್ಮ, ಇವತ್ತು ಮುಟ್ಟಂಗಿಲ್ಲ. ಸೆಕೆಂಡ್ ಗೇರ್ ಹಾಕಿ ತಳ್ಳಿ, ಸ್ಟಾರ್ಟ್ ಆಯ್ತದೆ. ನಿಲ್ಲಿಸ್ಬ್ಯಾಡಿ, ಆಫ್ ಆಗೋಯ್ತದೆ," ಎಂದ.

ತಳ್ಳುವಾಗಲೇ ನಿಂಬೆಹಣ್ಣು ತುಳಿದರೆ ಆಯಿತಲ್ಲ ಎಂದೆ. ಅಪ್ಪ ಒಪ್ಪಲಿಲ್ಲ. ಇಂಜಿನ್ ಓಡುತ್ತಾ ದಾಟಿದರೆ ಮಾತ್ರ ಲೆಕ್ಕವಂತೆ. ಹಣ್ಣು ಎರಡನ್ನೂ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ. ಕೀ ವಾಪಸ್ ಕೊಟ್ಟು, ಅಪ್ಪನಿಗೆ ಹೆಲ್ಮೆಟ್ ಹಾಕಿಸಿ, ರೇಷ್ಮೆ ಸೀರೆ ಸೊಂಟಕ್ಕೆ ಸಿಕ್ಕಿಸಿ ಪಾರ್ಕಿನ ಕಡೆಯ ಇಳಿಜಾರಿನಲ್ಲಿ ತಳ್ಳಿದೆ. ಗಾಡಿ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಸ್ಟಾರ್ಟ್ ಆಯಿತು. ಅಪ್ಪ ಪಾರ್ಕ್ ಸುತ್ತಿ ಬರುವಷ್ಟರಲ್ಲಿ ನಾನು ಏದುಸಿರು ಬಿಡುತ್ತಾ ಗೇಟಿನ ಮುಂದೆ ಎರಡೂ ಹಣ್ಣು ಇಟ್ಟೆ.

ಅಪ್ಪ ಗಂಭೀರವಾಗಿ ಬಂದು ಎರಡರ ನಡುವೆಯೇ ಹಾದುಹೋದರು.

"ಸಿಕ್ತಾ?"

"ಇಲ್ಲಪ್ಪಾ! ಇನ್ನೊಂದ್ ಸುತ್ತು!"

ಎರಡನೇ ಸಲ ಬಂದಾಗಲೂ ಚಕ್ರ ಒಂದು ಗೇಣು ಆಚೆಗಿತ್ತು. ಈ ಗಾಡಿ ತೊಲಗಲಿ ಎಂದು ಎರಡು ವರ್ಷ ದೇವರಿಗೆ ಕೈ ಮುಗಿದವಳು ನಾನೇ. ನನ್ನ ಕಾಲು ಮಾತ್ರ ನನ್ನನ್ನು ಕೇಳಲಿಲ್ಲ. ಒಂದು ಹಣ್ಣನ್ನು ಮೆಲ್ಲಗೆ ಒದ್ದು ಚಕ್ರದ ದಾರಿಗೆ ತಳ್ಳಿತು. ಪಚ್ಚೆಂದು ರಸ ಹಾರಿತು.

"ದಾಟ್ತು ಕಣಪ್ಪಾ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ.

ಇನ್ನೊಂದು ಸುತ್ತು ಹಾಕಿ ಬಂದು ಅಪ್ಪ ಗಾಡಿ ಆಫ್ ಮಾಡಿದರು.

"ಹಣ್ಣು ಉರುಳ್ಕೊಂಡು ಬಂತಲ್ವೇ?"

"ಇಳಿಜಾರಲ್ವಾ, ಉರುಳತ್ತೆ."

"ಇಳಿಜಾರು ಆ ಕಡೆಗೆ ಕಣೇ," ಎಂದು ಪಾರ್ಕಿನತ್ತ ಕೈ ತೋರಿಸಿದರು. ಆಮೇಲೆ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಊಟಕ್ಕೆ ಎಲೆ ಹಾಕು ಎಂದರು.